ಸುಪ್ತದಿಂದ ವ್ಯಕ್ತಕ್ಕೆ: ಕಪ್ಪು-ಬಿಳುಪು ಛಾಯಾಚಿತ್ರದ ವ್ಯಕ್ತಕಾರಕಗಳು ಮತ್ತು ಕನ್ನಡ ಸಂಶೋಧನೆಯ ಆಕರಗಳು

1. ಪ್ರವೇಶ

ಓಲೆಗರಿಯ ಪ್ರತಿಯೊಂದನ್ನು ಕೈಗೆತ್ತಿಕೊಂಡಾಗ ಅದನ್ನು ಬರೆದ ಲಿಪಿಕಾರನ ಬಗೆಗೆ ಯೋಚಿಸುವುದು ಗ್ರಂಥಸಂಪಾದನೆಯಲ್ಲಿ ನಮಗೆ ರೂಢಿಯಾಗಿದೆ. ಆತನ ಪ್ರಾಂತ, ಬರವಣಿಗೆಯ ಅಭ್ಯಾಸ, ಆತ ಎಡವಬಹುದಾದ ತಾಣಗಳು ಇವೆಲ್ಲ ಪಾಠನಿರ್ಣಯಕ್ಕೆ ಒದಗುತ್ತವೆ. ಆದರೆ ಅದೇ ಓಲೆಗರಿಯ, ಶಾಸನದ ಅಥವಾ ಕೋಟೆಯ ಕಪ್ಪು-ಬಿಳುಪು ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡಾಗ ನಮ್ಮ ಎಚ್ಚರ ಸಡಿಲವಾಗುತ್ತದೆ. ಚಿತ್ರದಲ್ಲಿ ಕಂಡದ್ದು ವಸ್ತುವಿನಲ್ಲಿಯೂ ಇದೆ, ಕಾಣದ್ದು ಇಲ್ಲ ಎಂದು ಒಪ್ಪಿಬಿಡುತ್ತೇವೆ. ಛಾಯಾಚಿತ್ರಕ್ಕೂ ಒಬ್ಬ ಲಿಪಿಕಾರನಿದ್ದಾನೆ ಎಂಬ ಅಂಶ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆ ಲಿಪಿಕಾರ ಮನುಷ್ಯನಲ್ಲ. ಕತ್ತಲಕೋಣೆಯ ತಟ್ಟೆಯಲ್ಲಿ ಕರಗಿರುವ ಒಂದು ರಾಸಾಯನಿಕ.

ಆ ರಾಸಾಯನಿಕ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ, ಬಿಂಬದಲ್ಲಿ ಏನನ್ನು ಉಳಿಸಿ ಏನನ್ನು ಅಳಿಸುತ್ತದೆ ಎಂಬುದನ್ನು ಕನ್ನಡದ ಅಧ್ಯಾಪಕರಿಗೆ ಮತ್ತು ಸಂಶೋಧಕರಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿವರಣೆಗೆ ಒಂದು ನೆಲೆ ಬೇಕಾದುದರಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಬೆಂಗಳೂರಿನಿಂದ ಗೌರಿಬಿದನೂರಿನ ಕಡೆಗೆ ಸಾಗುವ ರೈಲುಮಾರ್ಗದ ಪಕ್ಕದಲ್ಲಿ ಎದ್ದು ನಿಂತಿರುವ ಈ ಗಿರಿದುರ್ಗದಲ್ಲಿ ಬರಿಯ ಬಂಡೆಯ ಹೊಳಪು, ಕೋಟೆಗೋಡೆಯ ನೆರಳು, ನೆತ್ತಿಯ ಮೇಲಿನ ಶಿವಾಲಯ ಮತ್ತು ನಂದಿ ಒಟ್ಟಿಗೆ ಸಿಗುತ್ತವೆ. ಕಪ್ಪು-ಬಿಳುಪು ಚಿತ್ರದ ಸಮಸ್ಯೆಗಳನ್ನು ತೋರಿಸಲು ಇದಕ್ಕಿಂತ ಅನುಕೂಲವಾದ ಸ್ಥಳ ಅಪರೂಪ.

2. ಪದದ ವಿಚಾರ

ಫಿಲಂ ಬಳಕೆಯಲ್ಲಿದ್ದ ಕಾಲದಲ್ಲಿ ಕನ್ನಡಿಗರು ಸ್ಟುಡಿಯೋಗೆ ಹೋಗಿ 'ರೀಲು ತೊಳೆಸುತ್ತಿದ್ದರು'. ಈ ಕ್ರಿಯಾಪದ ಸೊಗಸಾದುದು. ಆದರೆ ನಡೆಯುವ ಕ್ರಿಯೆಯ ಬಗೆಗೆ ಅದು ಹುಟ್ಟಿಸುವ ಕಲ್ಪನೆ ವಾಸ್ತವಕ್ಕೆ ವಿರುದ್ಧವಾಗಿದೆ. ತೊಳೆಯುವುದೆಂದರೆ ಮೇಲೆ ಕೂತ ಕೊಳೆಯನ್ನು ತೆಗೆದು ಒಳಗಿರುವುದನ್ನು ತೋರಿಸುವುದು. ಫಿಲಮ್ಮಿನ ಮೇಲೆ ಅಂತಹ ಸಿದ್ಧ ಚಿತ್ರ ಇರುವುದಿಲ್ಲ. ಬೆಳಕು ಬಿಟ್ಟುಹೋದ ಅತ್ಯಲ್ಪ ಗುರುತಿನ ಸುತ್ತ ಬೆಳ್ಳಿಯನ್ನು ಕಟ್ಟುವುದು ಡೆವಲಪರ್ ಮಾಡುವ ಕೆಲಸ. ನಿಜಾರ್ಥದಲ್ಲಿ ತೆಗೆದುಹಾಕುವ ಕೆಲಸ ಅದರ ಮುಂದಿನ ಹಂತದ ಹೈಪೋ ದ್ರಾವಣದ್ದು.

ಕಣ್ಣಿಗೆ ಕಾಣದ ಆ ಮೊದಲ ಗುರುತನ್ನು 'ಸುಪ್ತಬಿಂಬ' ಎನ್ನಬಹುದು. ಸುಪ್ತವಾದುದನ್ನು ವ್ಯಕ್ತಗೊಳಿಸುವ ರಾಸಾಯನಿಕವನ್ನು ಈ ಲೇಖನದಲ್ಲಿ 'ವ್ಯಕ್ತಕಾರಕ' ಎಂದು ಕರೆದಿದೆ. ಅದಕ್ಕೆ ಇತರ ಲವಣಗಳು ಸೇರಿ ಸಿದ್ಧವಾಗುವ ದ್ರಾವಣಕ್ಕೆ ಸ್ಟುಡಿಯೋಗಳ ಮಾತಾದ 'ಡೆವಲಪರ್' ಎಂಬುದನ್ನೇ ಉಳಿಸಿಕೊಂಡಿದೆ. ಡೆವಲಪರ್ ಒಂದು ಅಡುಗೆಯಾದರೆ ವ್ಯಕ್ತಕಾರಕ ಅದರ ಮುಖ್ಯ ಪದಾರ್ಥ. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಮುಂದಿನ ಚರ್ಚೆ ತೊಡಕಾಗುತ್ತದೆ.

3. ಸುಪ್ತಬಿಂಬದ ಸ್ವರೂಪ

ಫಿಲಮ್ಮಿನ ಮೇಲೆ ಜೆಲಟಿನ್ನಿನ ತೆಳುಪದರವಿದ್ದು, ಅದರಲ್ಲಿ ಬೆಳ್ಳಿ ಬ್ರೋಮೈಡಿನಂತಹ ಲವಣಗಳ ಸೂಕ್ಷ್ಮ ಹರಳುಗಳು ಹರಡಿಕೊಂಡಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆರಳೆಣಿಕೆಯ ಬೆಳ್ಳಿ ಅಯಾನುಗಳು ಮಾತ್ರ ಇಲೆಕ್ಟ್ರಾನು ಪಡೆದು ಲೋಹದ ಬೆಳ್ಳಿಯಾಗುತ್ತವೆ. ಸಾಮಾನ್ಯವಾಗಿ ನಾಲ್ಕು ಪರಮಾಣುಗಳಷ್ಟು ಸಣ್ಣ ಗುಂಪು ಸಹ ಆ ಹರಳನ್ನು 'ಬೆಳಕು ಕಂಡದ್ದು' ಎಂದು ಗುರುತಿಸಲು ಸಾಕು. ಹರಳೊಂದರಲ್ಲಿ ನೂರು ಕೋಟಿಯ ಆಸುಪಾಸಿನಲ್ಲಿ ಬೆಳ್ಳಿ ಅಯಾನುಗಳಿರುತ್ತವೆ ಎಂಬುದನ್ನು ನೆನೆದರೆ ಈ ಗುರುತಿನ ಅಲ್ಪತೆ ಮನವರಿಕೆಯಾಗುತ್ತದೆ.

ವ್ಯಕ್ತಕಾರಕವು ರಸಾಯನಶಾಸ್ತ್ರದ ಭಾಷೆಯಲ್ಲಿ ಒಂದು ಅಪಕರ್ಷಣಕಾರಿ. ಎಂದರೆ ಇಲೆಕ್ಟ್ರಾನುಗಳನ್ನು ದಾನಮಾಡುವ ವಸ್ತು. ಅದು ಹರಳಿನಲ್ಲಿ ಮೊದಲೇ ಮೂಡಿರುವ ಬೆಳ್ಳಿಯ ಚುಕ್ಕೆಯ ಮೂಲಕ ಇಲೆಕ್ಟ್ರಾನುಗಳನ್ನು ಒಳಹೊಗಿಸಿ ಇಡೀ ಹರಳನ್ನು ಲೋಹದ ಬೆಳ್ಳಿಯಾಗಿ ಪರಿವರ್ತಿಸುತ್ತದೆ. ಹೀಗೆ ಕಟ್ಟಿದ ಬೆಳ್ಳಿ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಬೆಳಕು ಕಂಡ ಹರಳನ್ನೂ ಕಾಣದ ಹರಳನ್ನೂ ವ್ಯಕ್ತಕಾರಕ ಖಚಿತವಾಗಿ ಬೇರ್ಪಡಿಸುವುದಿಲ್ಲ. ಮೊದಲನೆಯದರ ಮೇಲೆ ಅದರ ಕ್ರಿಯೆ ಶೀಘ್ರ, ಎರಡನೆಯದರ ಮೇಲೆ ತೀರ ನಿಧಾನ. ಸಾಕಷ್ಟು ಹೊತ್ತು ಬಿಟ್ಟರೆ ಫಿಲಂ ಪೂರ್ತಿ ಕಪ್ಪಾಗುತ್ತದೆ. ಆದುದರಿಂದ ಚಿತ್ರವೆಂಬುದು ಈ ಎರಡು ವೇಗಗಳ ನಡುವಿನ ಅಂತರದಲ್ಲಿ, ಸರಿಯಾದ ಗಳಿಗೆಯಲ್ಲಿ ಕ್ರಿಯೆಯನ್ನು ನಿಲ್ಲಿಸಿದ್ದರಿಂದ ದೊರೆತ ಫಲ. ಯಾವ ವ್ಯಕ್ತಕಾರಕ, ಎಷ್ಟು ಹೊತ್ತು, ಎಷ್ಟು ಉಷ್ಣತೆಯಲ್ಲಿ ಎಂಬ ಮೂರು ನಿರ್ಧಾರಗಳು ಪ್ರತಿಯೊಂದು ನೆಗೆಟಿವ್‌ನಲ್ಲಿಯೂ ಅಡಗಿವೆ.

4. ಅಳಲೆಕಾಯಿ ಮತ್ತು ಅನ್ನಭೇದಿ

ವ್ಯಕ್ತಕಾರಕಗಳ ಚರಿತ್ರೆಯ ಆರಂಭ ಹಸ್ತಪ್ರತಿ ವಿದ್ವಾಂಸರಿಗೆ ಪರಿಚಿತವಾದ ಪದಾರ್ಥಗಳಿಂದಲೇ ಆಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಮಸಿ ಮಾಡುವ ಪದ್ಧತಿ ನಮ್ಮಲ್ಲಿ ಇತ್ತು. ಅಳಲೆಕಾಯಿಯಲ್ಲಿ ಟ್ಯಾನಿನ್ನುಗಳೂ ಗ್ಯಾಲಿಕ್ ಆಮ್ಲವೂ ಇವೆ. ಅನ್ನಭೇದಿಯೆಂದರೆ ಫೆರಸ್ ಸಲ್ಫೇಟ್. ಮಸಿಯಲ್ಲಿ ಕಬ್ಬಿಣವು ಗಾಳಿಯ ಆಮ್ಲಜನಕಕ್ಕೆ ಇಲೆಕ್ಟ್ರಾನನ್ನು ಬಿಟ್ಟುಕೊಟ್ಟು ಗ್ಯಾಲಿಕ್ ಆಮ್ಲದೊಂದಿಗೆ ಕಪ್ಪು ಸಂಯುಕ್ತವಾಗುತ್ತದೆ. ಯುರೋಪಿನಲ್ಲಿಯೂ ಓಕ್ ಮರದ ಗಂಟುಕಾಯಿ ಮತ್ತು ಇದೇ ಕಬ್ಬಿಣದ ಲವಣದಿಂದ ಮಸಿ ಮಾಡುತ್ತಿದ್ದರು. ಮಸಿಯ ಈ ಎರಡು ಘಟಕಗಳೇ ಛಾಯಾಗ್ರಹಣದ ಮೊದಲ ದಶಕಗಳ ವ್ಯಕ್ತಕಾರಕಗಳಾದವು.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1840ರಲ್ಲಿ ಗ್ಯಾಲಿಕ್ ಆಮ್ಲವು ಕಾಗದದ ಮೇಲಿನ ಅದೃಶ್ಯ ಬಿಂಬವನ್ನು ಹೊರತರುವುದನ್ನು ಕಂಡು, 1841ರಲ್ಲಿ ಕ್ಯಾಲೊಟೈಪ್ ಎಂಬ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದನು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಗಾಜಿನ ಒದ್ದೆ ಫಲಕದ ವಿಧಾನದಲ್ಲಿ ಮೊದಲು ಪೈರೊಗ್ಯಾಲಾಲ್, ತರುವಾಯ ಫೆರಸ್ ಸಲ್ಫೇಟ್ ಬಳಕೆಗೆ ಬಂದವು. ಪೈರೊಗ್ಯಾಲಾಲ್ ಕೂಡ ಗ್ಯಾಲಿಕ್ ಆಮ್ಲವನ್ನು ಕಾಯಿಸಿದಾಗ ದೊರೆಯುವ ವಸ್ತುವೇ.

ಕರ್ನಾಟಕದ ಮಟ್ಟಿಗೆ ಈ ಘಟ್ಟಕ್ಕೆ ಮಹತ್ವದ ಸಾಕ್ಷ್ಯವಿದೆ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಅಧಿಕಾರಿ ಲಿನ್ನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು ಮತ್ತು ಬೇಲೂರಿನ ದೇವಾಲಯಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿ, 1855ರ ಮದರಾಸಿನ ಪ್ರದರ್ಶನದಲ್ಲಿ ಅವುಗಳನ್ನು ಇಟ್ಟನು. ಕಾಗದದ ನೆಗೆಟಿವ್‌ನ ವ್ಯಕ್ತಕಾರಕ ಗ್ಯಾಲಿಕ್ ಆಮ್ಲ. ಆ ಕ್ರಮದಲ್ಲಿ ಬೆಳ್ಳಿಯ ಬಹುಭಾಗ ದ್ರಾವಣದಲ್ಲಿನ ಬೆಳ್ಳಿ ನೈಟ್ರೇಟಿನಿಂದ ಬಂದು ಸುಪ್ತಬಿಂಬದ ಮೇಲೆ ಶೇಖರಗೊಳ್ಳುತ್ತಿತ್ತು. ಕಾಗದದ ನಾರಿನ ನಡುವೆ ಹೀಗೆ ಕೂತ ಬೆಳ್ಳಿಗೆ ಗಾಜಿನ ಫಲಕದ ಸ್ಪಷ್ಟತೆ ಬರಲಾರದು. ಹೊಯ್ಸಳ ಶಿಲ್ಪದ ಆಭರಣದ ಗೆರೆಗಳು ಅಂತಹ ಚಿತ್ರದಲ್ಲಿ ಮೆತ್ತಗೆ ಕಂಡರೆ, ಅದು ಶಿಲೆ ಸವೆದದ್ದರ ಸಾಕ್ಷ್ಯವಾಗಬೇಕಿಲ್ಲ. ಶಿಲ್ಪದ ಸವಕಳಿಯನ್ನು ಹಳೆಯ ಮತ್ತು ಹೊಸ ಚಿತ್ರಗಳ ಹೋಲಿಕೆಯಿಂದ ಅಳೆಯುವವರು ಇದನ್ನು ಲಕ್ಷಿಸಬೇಕು.

5. ಆಧುನಿಕ ವ್ಯಕ್ತಕಾರಕಗಳು

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ನಿನ ಒಣ ಫಲಕವನ್ನು ಸೂಚಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಬೆಳ್ಳಿ ಈಗ ಹರಳಿನೊಳಗಿನಿಂದಲೇ ಬರತೊಡಗಿತು. ವ್ಯಕ್ತಕಾರಕಕ್ಕೆ ಕ್ಷಾರೀಯ ದ್ರಾವಣ ಅಗತ್ಯವಾಯಿತು. 1880ರಲ್ಲಿ ವಿಲಿಯಂ ಆಬ್ನಿ ಹೈಡ್ರೊಕ್ವಿನೋನಿನ ಗುಣವನ್ನು ಗುರುತಿಸಿದನು. 1891ರಲ್ಲಿ ಜರ್ಮನಿಯಿಂದ ಮೆಟಾಲ್ ಬಂದಿತು. ಅದೇ ವರ್ಷ ಪ್ಯಾರಾ-ಅಮೈನೊಫೀನಾಲ್ ಆಧಾರಿತ ರೊಡಿನಾಲ್ ಮಾರುಕಟ್ಟೆಗೆ ಬಂದಿತು. 1940ರಲ್ಲಿ ಇಲ್ಫರ್ಡ್ ಸಂಸ್ಥೆಯ ಕೆಂಡಾಲ್ ಫೆನಿಡೋನಿನ ವ್ಯಕ್ತಕಾರಕ ಗುಣವನ್ನು ಕಂಡುಕೊಂಡನು.

ಇವುಗಳಲ್ಲಿ ಹೆಚ್ಚಿನವು ಬೆಂಜೀನ್ ಉಂಗುರದ ಸಂಯುಕ್ತಗಳು. ಉಂಗುರದ ಮೇಲೆ ಎರಡು ಹೈಡ್ರಾಕ್ಸಿಲ್ ಅಥವಾ ಅಮೈನೊ ಗುಂಪುಗಳು ಅಕ್ಕಪಕ್ಕದ ಸ್ಥಾನಗಳಲ್ಲಿ ಇಲ್ಲವೇ ಎದುರುಬದುರಿನ ಸ್ಥಾನಗಳಲ್ಲಿ ಇದ್ದರೆ ಅದು ವ್ಯಕ್ತಕಾರಕವಾಗುತ್ತದೆ. ಅಕ್ಕಪಕ್ಕದಲ್ಲಿದ್ದರೆ ಕ್ಯಾಟಿಕಾಲ್, ಎದುರುಬದುರಾದರೆ ಹೈಡ್ರೊಕ್ವಿನೋನ್. ಅವೇ ಎರಡು ಗುಂಪುಗಳು ಒಂದು ಸ್ಥಾನ ಬಿಟ್ಟು ಕೂತ ರಿಸಾರ್ಸಿನಾಲ್ ಈ ಕೆಲಸಕ್ಕೆ ಬಾರದು. ಘಟಕಗಳು ಅವೇ ಆಗಿದ್ದರೂ ಸ್ಥಾನ ಬದಲಾದರೆ ಗುಣ ಬದಲಾಗುತ್ತದೆ ಎಂಬುದು ಛಂದಸ್ಸನ್ನು ಬಲ್ಲವರಿಗೆ ಅಚ್ಚರಿಯ ಮಾತಲ್ಲ.

ಡೆವಲಪರ್‌ನ ರಚನೆಯನ್ನು ತಿಳಿಯಲು ಕೊಡಾಕ್ ಸಂಸ್ಥೆ 1927ರಲ್ಲಿ ಹೊರತಂದ ಡಿ-76 ಸೂತ್ರ ಒಳ್ಳೆಯ ಮಾದರಿ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಮೊದಲನೆಯದೂ ಮೂರನೆಯದೂ ವ್ಯಕ್ತಕಾರಕಗಳು. ಬಿಳಿಗಾರ ಮೃದುವಾದ ಕ್ಷಾರ, ವ್ಯಕ್ತಕಾರಕವನ್ನು ಕ್ರಿಯಾಶೀಲಗೊಳಿಸುತ್ತದೆ. ಸಲ್ಫೈಟ್ ಗಾಳಿಯಿಂದ ದ್ರಾವಣ ಕೆಡದಂತೆ ಕಾಯುತ್ತದೆ. ಇಷ್ಟು ಪ್ರಮಾಣದಲ್ಲಿದ್ದಾಗ ಹರಳಿನ ಅಂಚನ್ನು ಕೊಂಚ ಕರಗಿಸಿ ಚಿತ್ರದ ಕಣವನ್ನು ನಯಗೊಳಿಸುತ್ತದೆ. ಕಾಗದದ ಮೇಲಿನ ಮುದ್ರಣಕ್ಕೆ ಬಳಸುವ ಡೆವಲಪರ್‌ಗಳಲ್ಲಿ ಬಿಳಿಗಾರದ ಬದಲು ಹೆಚ್ಚು ಪ್ರಬಲವಾದ ವಾಷಿಂಗ್ ಸೋಡಾ ಇರುತ್ತದೆ. ಬೆಳಕು ಕಾಣದ ಹರಳುಗಳನ್ನು ತಡೆಹಿಡಿಯಲು ಕೊಂಚ ಪೊಟ್ಯಾಸಿಯಂ ಬ್ರೋಮೈಡನ್ನೂ ಸೇರಿಸುತ್ತಾರೆ.

ಮೆಟಾಲ್ ಮತ್ತು ಹೈಡ್ರೊಕ್ವಿನೋನ್ ಜೊತೆಗೂಡಿದಾಗ ಒಂದು ವಿಶೇಷ ಘಟಿಸುತ್ತದೆ. ಮೆಟಾಲ್ ಬೇಗ ಕೆಲಸ ಆರಂಭಿಸಿ ನೆರಳಿನ ಭಾಗದ ಸೂಕ್ಷ್ಮ ವಿವರಗಳನ್ನೂ ಎತ್ತುತ್ತದೆ. ಆದರೆ ಗಾಢತೆ ಕಟ್ಟುವುದು ನಿಧಾನ. ಹೈಡ್ರೊಕ್ವಿನೋನ್ ಆರಂಭದಲ್ಲಿ ಜಡ. ಒಮ್ಮೆ ಹಿಡಿದರೆ ದಟ್ಟ ಕಪ್ಪನ್ನು ಕೊಡುತ್ತದೆ. ಎರಡೂ ಸೇರಿದಾಗ ಇಲೆಕ್ಟ್ರಾನು ಕಳೆದುಕೊಂಡ ಮೆಟಾಲಿಗೆ ಹೈಡ್ರೊಕ್ವಿನೋನ್ ಮರಳಿ ಶಕ್ತಿ ತುಂಬುತ್ತದೆ. ಒಟ್ಟು ಪರಿಣಾಮ ಬಿಡಿಬಿಡಿಯಾದ ಎರಡರ ಮೊತ್ತಕ್ಕಿಂತ ಹೆಚ್ಚು. ಆದರೆ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಹೈಡ್ರೊಕ್ವಿನೋನ್ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಸೂತ್ರಗಳು ಸಾಮಾನ್ಯವಾಗಿ ಅಪೇಕ್ಷಿಸುವುದು 20 ಡಿಗ್ರಿ. ನಮ್ಮ ಬೇಸಿಗೆಯಲ್ಲಿ ಅದನ್ನು ಮೀರಿದಾಗ ಕ್ರಿಯೆ ವೇಗಗೊಂಡು, ಜೆಲಟಿನ್ ಊದಿಕೊಂಡು ಮೆತ್ತಗಾಗುತ್ತದೆ. ಇದನ್ನು ತಡೆಯಲು ತಟ್ಟೆಯ ಸುತ್ತ ಮಂಜುಗಡ್ಡೆಯಿಡುವ, ಸೋಡಿಯಂ ಸಲ್ಫೇಟ್ ಬೆರೆಸುವ ಉಪಾಯಗಳು ಬಳಕೆಗೆ ಬಂದವು.

ಈ ಗುಣ ಸಸ್ಯಜನ್ಯ ವಸ್ತುಗಳಲ್ಲಿ ಎಷ್ಟು ವ್ಯಾಪಕವೆಂದರೆ, 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಕಾಫಿ ಮತ್ತು ವಾಷಿಂಗ್ ಸೋಡಾದ ದ್ರಾವಣದಿಂದ ಫಿಲಮ್ಮನ್ನು ವ್ಯಕ್ತಗೊಳಿಸಿ ತೋರಿಸಲಾಯಿತು. ಅಲ್ಲಿ ಕೆಲಸಮಾಡುವುದು ಕೆಫೀನ್ ಅಲ್ಲ. ಕ್ಯಾಟಿಕಾಲಿನ ಬಳಗಕ್ಕೆ ಸೇರಿದ ಕೆಫೀಯಿಕ್ ಆಮ್ಲ.

6. ಮಾಕಳಿದುರ್ಗದ ನಿದರ್ಶನ

ಬಿಸಿಲು ಏರಿದ ಹೊತ್ತಿನಲ್ಲಿ ಮಾಕಳಿದುರ್ಗದ ಕೋಟೆಗೋಡೆಯನ್ನು ಕಪ್ಪು-ಬಿಳುಪು ಫಿಲಮ್ಮಿನಲ್ಲಿ ಸೆರೆಹಿಡಿದಿದೆ ಎಂದು ಭಾವಿಸೋಣ. ತೆರೆದ ಬಂಡೆಗೂ ಗೋಡೆಯ ಬುಡದ ನೆರಳಿಗೂ ನಡುವಣ ಬೆಳಕಿನ ಅಂತರ ಬಹಳ. ನೆಗೆಟಿವ್‌ನಲ್ಲಿ ಬಂಡೆ ಕಪ್ಪಾಗಿ, ನೆರಳು ಪಾರದರ್ಶಕವಾಗಿ ಬರುತ್ತದೆ. ನೆರಳಿನ ಭಾಗದಲ್ಲಿ ಎಷ್ಟು ಬೆಳ್ಳಿ ಮೂಡಬೇಕೆಂಬುದು ಬಹುಪಾಲು ಕ್ಯಾಮರಾದೊಳಗೆ ಬಂದ ಬೆಳಕಿನಿಂದಲೇ ತೀರ್ಮಾನವಾಗಿರುತ್ತದೆ. ಬಂಡೆಯ ಭಾಗದ ಸಾಂದ್ರತೆ ಮಾತ್ರ ಡೆವಲಪರ್‌ನಲ್ಲಿ ಕಳೆದ ಹೊತ್ತಿನೊಂದಿಗೆ ಏರುತ್ತಲೇ ಹೋಗುತ್ತದೆ.

ಈ ಫಿಲಮ್ಮನ್ನು ಪ್ರಬಲ ಕ್ಷಾರದ, ಹೈಡ್ರೊಕ್ವಿನೋನ್ ಪ್ರಧಾನವಾದ ಡೆವಲಪರ್‌ನಲ್ಲಿ ಮುಳುಗಿಸಿದರೆ ಬಂಡೆ ದಟ್ಟವಾಗುತ್ತದೆ. ಮುದ್ರಿಸಿದ ಚಿತ್ರದಲ್ಲಿ ಅದು ಬರಿಯ ಬಿಳಿಯ ಹಾಳೆಯಂತೆ ಕಾಣುತ್ತದೆ. ಮೆಟ್ಟಿಲಿಗಾಗಿ ಬಂಡೆಯಲ್ಲಿ ಕಡಿದ ಗುರುತು, ಉಳಿಯ ಸಾಲು, ಕಲ್ಲು ಸೀಳಲು ಕೊರೆದ ಕುಳಿ ಇಂತಹವು ಇದ್ದರೂ ಅಡಗಿಹೋಗುತ್ತವೆ. ಅದೇ ಫಿಲಮ್ಮನ್ನು ಮೆಟಾಲ್ ಮತ್ತು ಸಲ್ಫೈಟ್ ಮಾತ್ರ ಇರುವ ಮೃದು ಡೆವಲಪರ್‌ಗೆ ಒಪ್ಪಿಸಿದರೆ ಬಂಡೆಯ ಸಾಂದ್ರತೆ ಹತೋಟಿಯಲ್ಲಿ ಉಳಿದು ಮೇಲ್ಮೈಯ ಏರುಪೇರು ಕಾಣುತ್ತದೆ. ಪೈರೊಗ್ಯಾಲಾಲ್ ಬಳಸಿದರೆ ಮತ್ತೊಂದು ಬಗೆ. ಬೆಳ್ಳಿ ಮೂಡಿದ ಪ್ರಮಾಣಕ್ಕೆ ಅನುಗುಣವಾಗಿ ಹಳದಿ-ಕಂದು ಛಾಯೆಯೂ ಜೆಲಟಿನ್ನಿನಲ್ಲಿ ಉಳಿಯುತ್ತದೆ. ಈ ಛಾಯೆ ನೀಲಿ ಬೆಳಕನ್ನು ತಡೆಯುವುದರಿಂದ, ನೀಲಿಗೆ ಸ್ಪಂದಿಸುವ ಮುದ್ರಣ ಕಾಗದದ ಮಟ್ಟಿಗೆ ಅದೂ ಬಿಂಬದ ಒಂದು ಭಾಗವೇ ಆಗುತ್ತದೆ.

ಮೂರೂ ಮಾಕಳಿದುರ್ಗದ ಚಿತ್ರಗಳೇ. ಮೂರರಲ್ಲಿಯೂ ಕ್ಯಾಮರಾ ಕಂಡದ್ದು ಒಂದೇ. ಆದರೆ ಕಲ್ಲುಗಳ ನಡುವೆ ಗಾರೆ ಇದೆಯೇ, ಗೋಡೆಯ ಯಾವ ಭಾಗ ಅನಂತರದ ದುರಸ್ತಿ ಎಂಬ ಪ್ರಶ್ನೆಗಳಿಗೆ ಅವು ಒಂದೇ ಉತ್ತರವನ್ನು ಕೊಡಲಾರವು. ಸ್ಥಳಕ್ಕೆ ಮರಳಿ ನೋಡುವ ಅವಕಾಶವಿದ್ದಾಗ ತೊಂದರೆಯಿಲ್ಲ. ಗೋಡೆಯೇ ಉರುಳಿ, ಹಳೆಯ ಚಿತ್ರ ಮಾತ್ರ ಉಳಿದಾಗ ವ್ಯಕ್ತಕಾರಕದ ಪ್ರಶ್ನೆ ಇತಿಹಾಸದ ಪ್ರಶ್ನೆಯಾಗುತ್ತದೆ.

7. ಪಡಿಯಚ್ಚು, ಸೊನ್ನೆ ಮತ್ತು ಕುಳಿ

ಶಾಸನದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ (1905) ಸೇರಿವೆ. ಅಂತಹ ಪ್ರಕಟಿತ ಪಾಠಗಳನ್ನು ಮರುಪರಿಶೀಲಿಸುವಾಗ ನಾವು ಕಲ್ಲಿನ ಜೊತೆಗೆ ಪಡಿಯಚ್ಚನ್ನೂ ಅನೇಕ ವೇಳೆ ಪಡಿಯಚ್ಚಿನ ಛಾಯಾಚಿತ್ರವನ್ನೂ ಅವಲಂಬಿಸುತ್ತೇವೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ಕಲ್ಲಿನ ಮೇಲೆ ಓದಿದವರಿಗಿಂತ ಚಿತ್ರದಲ್ಲಿ ಓದಿದವರೇ ಹೆಚ್ಚು.

ಪಡಿಯಚ್ಚಿನಲ್ಲಿ ಕೊರೆದ ಅಕ್ಷರ ಬಿಳಿಯಾಗಿಯೂ ಸುತ್ತಲಿನ ಮೇಲ್ಮೈ ಕಪ್ಪಾಗಿಯೂ ಇರುತ್ತದೆ. ಅಚ್ಚಿನ ಮನೆಗಳಲ್ಲಿ ಗೆರೆಚಿತ್ರಗಳ ಪ್ರತಿ ತೆಗೆಯಲು ಬಳಸುತ್ತಿದ್ದ ಲಿತ್ ಫಿಲಮ್ಮಿನ ಡೆವಲಪರ್‌ನಲ್ಲಿ ವ್ಯಕ್ತಕಾರಕ ಹೈಡ್ರೊಕ್ವಿನೋನ್ ಒಂದೇ. ಮುಕ್ತ ಸಲ್ಫೈಟಿನ ಪ್ರಮಾಣ ತೀರ ಕಡಿಮೆ. ಇದರಿಂದ ಒಂದೆಡೆ ಆರಂಭವಾದ ಕ್ರಿಯೆ ತನ್ನ ಉತ್ಪನ್ನಗಳಿಂದ ತನ್ನನ್ನೇ ವೇಗಗೊಳಿಸಿಕೊಂಡು, ಆ ಭಾಗ ಪೂರ್ಣ ಕಪ್ಪಾಗುವವರೆಗೂ ಸಾಗುತ್ತದೆ. ನಡುವಣ ಬೂದು ಬಣ್ಣ ಉಳಿಯುವುದಿಲ್ಲ. ಅದು ಕಪ್ಪಿಗಾದರೂ ಬಿಳುಪಿಗಾದರೂ ಸೇರಲೇಬೇಕು. ಮುದ್ರಕನಿಗೆ ಇದು ವರ. ಶಾಸನ ಓದುವವನಿಗೆ ಸಂಕಟ. ಅರೆಸವೆದ ಅಕ್ಷರದಲ್ಲಿ ಮಸಿ ಕೊಂಚ ಇಳಿದು ಪಡಿಯಚ್ಚಿನಲ್ಲಿ ಬೂದಾಗಿ ಕಂಡ ಗೆರೆ, ಪ್ರತಿಯಲ್ಲಿ ಕಪ್ಪಿಗೆ ಸೇರಿ ಮಾಯವಾಗಬಹುದು. ಕಲ್ಲಿನ ಸಹಜ ಕುಳಿಯ ಅಂಚಿನ ಬೂದು ಅಳಿದು, ಅದು ಅಚ್ಚುಕಟ್ಟಾದ ಸೊನ್ನೆಯಂತೆ ತೋರಬಹುದು. ಒಂದು ಅನುಸ್ವಾರ ಬಂದರೆ ಅಥವಾ ಹೋದರೆ ವಿಭಕ್ತಿಯೇ ಬದಲಾಗುವ ಹಳಗನ್ನಡದಲ್ಲಿ ಇದು ಸಣ್ಣ ಸಂಗತಿಯಲ್ಲ.

ಓಲೆಗರಿಯ ಮೈಕ್ರೊಫಿಲಮ್ಮಿಗೂ ಈ ಮಾತು ಅನ್ವಯಿಸುತ್ತದೆ. ಹೆಚ್ಚಿನ ವೈದೃಶ್ಯದ ಆ ಫಿಲಮ್ಮಿನಲ್ಲಿ, ಮಸಿ ತುಂಬದ ಬರಿಯ ಕೊರೆತದ ಅಕ್ಷರ ಕಾಣದೆ ಹೋಗಿ, ಗರಿಯ ಕಲೆಯೊಂದು ಅಕ್ಷರದ ಭಾಗದಂತೆ ಎದ್ದು ಕಾಣಬಹುದು.

8. ಸಂಶೋಧಕರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ನೆಗೆಟಿವ್‌ನ ಮೇಲಿನ ಬಣ್ಣವನ್ನೆಲ್ಲ ಹಾಳಾದ ಗುರುತೆಂದು ತಿಳಿಯಬಾರದು. ಪೈರೊಗ್ಯಾಲಾಲಿನ ಛಾಯೆ ಬಿಂಬವನ್ನೇ ಅನುಸರಿಸುತ್ತದೆ; ಕಪ್ಪು ಹೆಚ್ಚಿದ್ದಲ್ಲಿ ಅದೂ ಹೆಚ್ಚು. ಸರಿಯಾಗಿ ತೊಳೆಯದೆ ಉಳಿದ ಹೈಪೋವಿನಿಂದಾದ ಹಳದಿ ಬಣ್ಣ ಬಿಂಬವನ್ನು ಲೆಕ್ಕಿಸದೆ ಹರಡಿಕೊಂಡು, ಬೆಳ್ಳಿಯನ್ನೇ ಮಂಕಾಗಿಸುತ್ತದೆ. ಮೊದಲನೆಯದು ಮಾಹಿತಿ, ಎರಡನೆಯದು ರೋಗ.

ಎರಡನೆಯದಾಗಿ, ಅಂತಹ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವಾಗ ಬಣ್ಣದ ಕ್ರಮದಲ್ಲಿಯೇ ಮಾಡಬೇಕು. ಕೆಂಪು ಬೆಳಕಿನ ಭಾಗವನ್ನು ಮಾತ್ರ ಉಳಿಸಿಕೊಂಡರೆ ಕಂದು ಛಾಯೆಯಲ್ಲಿದ್ದ ವಿವರ ನಷ್ಟವಾಗುತ್ತದೆ. ನೀಲಿಯ ಭಾಗದಲ್ಲಿ ಅದು ದೊರೆಯುತ್ತದೆ.

ಮೂರನೆಯದಾಗಿ, ಸ್ಕ್ಯಾನ್ ಆದ ಮೇಲೆ ಮೂಲವನ್ನು ಎಸೆಯಕೂಡದು. ಮುದ್ರಿತ ಚಿತ್ರ ಒಂದು ಪಾಠವಾದರೆ ನೆಗೆಟಿವ್ ಅದರ ಮಾತೃಕೆ. ಚಿತ್ರದಲ್ಲಿ ಕಾಣದ ಎಷ್ಟೋ ವಿವರಗಳು ದಟ್ಟ ನೆಗೆಟಿವ್‌ನಲ್ಲಿ ಉಳಿದಿರುತ್ತವೆ.

ನಾಲ್ಕನೆಯದಾಗಿ, ನೆಗೆಟಿವ್ ಇಟ್ಟ ಲಕೋಟೆ, ಕತ್ತಲಕೋಣೆಯ ದಿನಚರಿ, ಡೆವಲಪರ್‌ನ ಡಬ್ಬಿಯ ಚೀಟಿ ಇವುಗಳನ್ನೂ ಆಕರವೆಂದು ಪರಿಗಣಿಸಬೇಕು. ಹಸ್ತಪ್ರತಿಯ ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರು, ತಿಥಿಗಳು ದೊರೆಯುವಂತೆ ಈ ಚೀಟಿಗಳಲ್ಲಿ ಸೂತ್ರ, ಅವಧಿ, ಉಷ್ಣತೆಗಳು ದೊರೆಯಬಹುದು.

ಈ ಕೆಲಸಕ್ಕೆ ತುರ್ತು ಇದೆ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ 'ಇಂದು' ಹೆಸರಿನ ಕಪ್ಪು-ಬಿಳುಪು ಸಾಮಗ್ರಿ ಒಂದು ಕಾಲಕ್ಕೆ ದೇಶದಲ್ಲಿ ಬಳಕೆಯಲ್ಲಿತ್ತು; ಆ ಕಾರ್ಖಾನೆ ಈಗ ಮುಚ್ಚಿದೆ. ಕತ್ತಲಕೋಣೆಯಲ್ಲಿ ಕೈಬೆರಳಿನಿಂದ ದ್ರಾವಣದ ಬಿಸಿ ಅಳೆದು, ಮೆಟಾಲಿನಿಂದ ಚರ್ಮದ ತುರಿಕೆಯನ್ನು ಅನುಭವಿಸಿ ದುಡಿದ ಸ್ಟುಡಿಯೋದವರು ನಮ್ಮ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ವೃತ್ತಿಪದಕೋಶ ಸಿದ್ಧಪಡಿಸುವವರು ಅವರ ಮಾತನ್ನು ದಾಖಲಿಸಿಕೊಳ್ಳಬೇಕು. 'ತೊಳೆಸು' ಎಂಬ ಪದ ನಮಗೆ ದೊರೆತದ್ದು ಅವರ ಅಂಗಡಿಯ ಕಟ್ಟೆಯಿಂದಲೇ.

9. ಸಮಾರೋಪ

ವ್ಯಕ್ತಕಾರಕವು ಬೆಳಕು ಬರೆದದ್ದನ್ನು ಓದುವ ಮೊದಲ ಓದುಗ. ಗ್ಯಾಲಿಕ್ ಆಮ್ಲ, ಪೈರೊಗ್ಯಾಲಾಲ್, ಮೆಟಾಲ್, ಹೈಡ್ರೊಕ್ವಿನೋನ್ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಓದುತ್ತದೆ. ಒಂದು ಮೃದುವಾಗಿ, ಒಂದು ಕಟುವಾಗಿ. ನಾವು ಛಾಯಾಚಿತ್ರದಲ್ಲಿ ನೋಡುವುದು ಆ ಓದಿನ ಫಲಿತವನ್ನು. ಹಾಗೆಂದು ಛಾಯಾಚಿತ್ರವನ್ನು ಅಪನಂಬಬೇಕಾಗಿಲ್ಲ. ಲಿಪಿಕಾರ ಎಡವುತ್ತಾನೆಂದು ಹಸ್ತಪ್ರತಿಯನ್ನು ನಾವು ಕೈಬಿಟ್ಟಿಲ್ಲ. ಅವನ ಕ್ರಮವನ್ನು ಅರಿತು ಓದಿದ್ದೇವೆ. ಶಾಸನದ ಚಿತ್ರದಲ್ಲಿ ಕಂಡ ಸೊನ್ನೆಯನ್ನು ಪಾಠದಲ್ಲಿ ಸೇರಿಸುವ ಮುನ್ನ ಅದು ಕಂಡರಿಸಿದವನ ಉಳಿಯದೋ, ಕಲ್ಲಿನದೋ, ಹೈಡ್ರೊಕ್ವಿನೋನಿನದೋ ಎಂದು ಕೇಳಿಕೊಳ್ಳುವುದು ಅದೇ ಶಿಸ್ತಿನ ಮುಂದುವರಿಕೆ.